ಮದುವೆ ಸ್ಟುಡಿಯೋಗೊಂದು ಕಂಪ್ಯೂಟರ್: ಬ್ರ್ಯಾಂಡೆಡ್ ತರಬೇಕಾ, ಜೋಡಿಸಬೇಕಾ?

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನ ಫೋಟೋ-ವಿಡಿಯೋ ಸ್ಟುಡಿಯೋದಲ್ಲಿ ನಡೆದದ್ದು ಇದು. ಊರಿನ ಹೆಸರು, ಜನರ ಹೆಸರು ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಕಂಪ್ಯೂಟರಿಗೆ ಸಂಬಂಧಪಟ್ಟದ್ದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಖರೀದಿಯ ಸಮಯದಲ್ಲಿ ಸಲಹೆ ಕೇಳಲು ನನ್ನನ್ನು ಕರೆದಿದ್ದರು.

ಹಿನ್ನೆಲೆ

ಮಾಲೀಕರಿಗೆ ಐವತ್ತು ದಾಟಿದೆ. ಫಿಲ್ಮ್ ರೋಲ್ ಕಾಲದಿಂದ ಈ ಕೆಲಸದಲ್ಲಿ ಇರುವವರು. ಎಡಿಟರ್ ಇಪ್ಪತ್ತೈದರ ಹುಡುಗ, ಕೈ ಚುರುಕು. ಸ್ಟುಡಿಯೋದಲ್ಲಿ ಇದ್ದದ್ದು 2014ರಲ್ಲಿ ಜೋಡಿಸಿದ ಕಂಪ್ಯೂಟರ್. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್. ಆಲ್ಬಂ ಡಿಸೈನ್ ಮಾಡಲು, ಮುಹೂರ್ತದ ವಿಡಿಯೋ ಕತ್ತರಿಸಲು ಅದು ಹತ್ತು ವರ್ಷ ನಡೆಯಿತು. ಈ ಕಂಪ್ಯೂಟರಿಗೆ ಅಧಿಕೃತವಾಗಿ ವಿಂಡೋಸ್ 11 ಹಾಕಲು ಬರುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲುತ್ತದೆ ಅಂತ ಮೈಕ್ರೋಸಾಫ್ಟ್ ಆಗಲೇ ಹೇಳಿತ್ತು. ಹಾಗಾಗಿ ಬದಲಿಸುವುದಂತೂ ಇದ್ದೇ ಇತ್ತು. ಆದರೆ ಅವಸರ ತಂದದ್ದು ಕ್ಯಾಮೆರಾ.

2023ರಲ್ಲಿ ಅವರು ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡರು. ಎಡಿಟರ್ ಅದನ್ನು 4ಕೆ, ಎಚ್.265, 10 ಬಿಟ್, 4:2:2 ಅನ್ನುವ ಸೆಟ್ಟಿಂಗಿನಲ್ಲಿ ಇಟ್ಟ. ಎಚ್.265 ಅಂದರೆ ವಿಡಿಯೋವನ್ನು ಅಡಕ ಮಾಡುವ ಒಂದು ವಿಧಾನ; 10 ಬಿಟ್, 4:2:2 ಅನ್ನುವುದು ಬಣ್ಣದ ಮಾಹಿತಿ ಎಷ್ಟು ಅನ್ನುವ ಲೆಕ್ಕ. ಅದಕ್ಕೆ ಕಾರಣವೂ ಇತ್ತು. ಕಲ್ಯಾಣ ಮಂಟಪದಲ್ಲಿ ನಾಲ್ಕು ಬಣ್ಣದ ಎಲ್ಇಡಿ ದೀಪ ಹಾಕಿರುತ್ತಾರೆ. ಆ ಬೆಳಕಲ್ಲಿ ಕೆಂಪು ರೇಷ್ಮೆ ಸೀರೆ ಒಂದೇ ಕೆಂಪು ಮುದ್ದೆಯಾಗಿ ಕಾಣುತ್ತದೆ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಸಿಕ್ಕರೆ 10 ಬಿಟ್‌ನಲ್ಲಿ 1024 ಹಂತ ಸಿಗುತ್ತದೆ. ಆಮೇಲೆ ಬಣ್ಣ ತಿದ್ದುವಾಗ ಸೀರೆಯ ಮಡಿಕೆ ಉಳಿಯುತ್ತದೆ.

ಹಳೆ ಕಂಪ್ಯೂಟರಿಗೆ ಈ ಫೈಲು ಹೊರಲಾರದ ಹೊರೆಯಾಯಿತು. ಪ್ಲೇ ಒತ್ತಿದರೆ ಒಂದು ಚಿತ್ರ ಬಂದು ನಿಲ್ಲುತ್ತಿತ್ತು. ರಾತ್ರಿ ಪ್ರಾಕ್ಸಿ (ಎಡಿಟಿಂಗಿಗೆ ಅಂತ ಮಾಡುವ ಹಗುರ ನಕಲು) ಮಾಡಲು ಬಿಟ್ಟು ಹೋದರೆ ಬೆಳಿಗ್ಗೆಯೂ ಮುಗಿದಿರುತ್ತಿರಲಿಲ್ಲ. 2024ರ ಬೇಸಿಗೆಯ ಮದುವೆಗಳ ವಿಡಿಯೋ ಆಷಾಢದವರೆಗೂ ಬಾಕಿ ಉಳಿಯಿತು. ಆಷಾಢದಲ್ಲಿ ಮದುವೆ ಇಲ್ಲ, ಕೈಯಲ್ಲಿ ಸ್ವಲ್ಪ ಸಮಯ ಇತ್ತು. ಶ್ರಾವಣಕ್ಕೆ ಮುಂಚೆ ಹೊಸ ಕಂಪ್ಯೂಟರ್ ಬರಬೇಕು ಅಂತ ಮಾಲೀಕರು ಹಟ ಹಿಡಿದರು.

ಮೂರು ಕೊಟೇಷನ್

ಮೊದಲನೆಯದು ಮಾಲೀಕರ ಆಯ್ಕೆ. ದೊಡ್ಡ ಕಂಪನಿಯ ಬ್ರ್ಯಾಂಡೆಡ್ ಡೆಸ್ಕ್‌ಟಾಪ್. ಐ7-14700ಎಫ್ ಪ್ರೊಸೆಸರ್, ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್ ಒಂದೇ ಕಡ್ಡಿಯಲ್ಲಿ, 512 ಜಿಬಿ ಎಸ್ಎಸ್‌ಡಿ. ಅಸಲಿ ವಿಂಡೋಸ್, ಮೂರು ವರ್ಷ ಸ್ಥಳದಲ್ಲೇ ಸರ್ವೀಸ್. ಸುಮಾರು 1,38,000 ರೂಪಾಯಿ. "ಕೆಟ್ಟರೆ ಫೋನ್ ಮಾಡಿದ್ರೆ ಆಯ್ತು, ಅವರೇ ಬರ್ತಾರೆ" ಅನ್ನುವುದು ಅವರ ವಾದ.

ಎರಡನೆಯದು ಎಡಿಟರ್ ಬರೆದ ಪಟ್ಟಿ. ಐ7-14700ಕೆ, ನೀರಿನ ಕೂಲರ್, ಗಾಜಿನ ಕ್ಯಾಬಿನೆಟ್, ಒಳಗೆ ಕಾಮನಬಿಲ್ಲಿನ ಹಾಗೆ ಮಿನುಗುವ ಫ್ಯಾನ್. ಎಲ್ಲವನ್ನೂ ಆನ್‌ಲೈನಿನಲ್ಲಿ ತರಿಸಿ ತಾನೇ ಜೋಡಿಸುತ್ತೇನೆ ಅಂದ. ಬ್ರ್ಯಾಂಡೆಡ್‌ಗಿಂತ ಕಡಿಮೆ ದುಡ್ಡಿಗೆ ಜಾಸ್ತಿ ಸಾಮಾನು ಅನ್ನುವುದು ಅವನ ಲೆಕ್ಕ. ಅದು ಸುಳ್ಳೇನಲ್ಲ.

ಮೂರನೆಯದು ಊರಿನ ಅಂಗಡಿಯದು. ಚೀಟಿಯಲ್ಲಿ "ಐ7, 16 ಜಿಬಿ, 600 ವ್ಯಾಟ್ ಎಸ್ಎಂಪಿಎಸ್, ವಿಂಡೋಸ್ ಫ್ರೀ" ಅಂತ ಇತ್ತು. ಐ7 ಯಾವ ತಲೆಮಾರಿನದು ಅಂತ ಬರೆದಿರಲಿಲ್ಲ. ಪವರ್ ಸಪ್ಲೈ ಯಾವ ಕಂಪನಿಯದು ಅನ್ನುವುದೂ ಇರಲಿಲ್ಲ. ಬಿಲ್ ಬೇಡವಾದರೆ 1,05,000, ಬಿಲ್ ಬೇಕಾದರೆ 1,18,000.

ಮೂರನೆಯದನ್ನು ಬಿಡಲು ಹತ್ತು ನಿಮಿಷ ಸಾಕಾಯಿತು. ಸ್ಟುಡಿಯೋಗೆ ಜಿಎಸ್‌ಟಿ ನೋಂದಣಿ ಇದೆ. ಕಂಪ್ಯೂಟರ್ ಸಾಮಾನಿಗೆ 18% ತೆರಿಗೆ. 1,18,000ದ ಬಿಲ್ಲಿನಲ್ಲಿ 18,000 ತೆರಿಗೆ, ಅದು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಸ್ಟುಡಿಯೋ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ವಾಪಸ್ ಬರುತ್ತದೆ. ಕೈಯಿಂದ ನಿಜವಾಗಿ ಹೋಗುವುದು ಒಂದು ಲಕ್ಷ. ಅಂದರೆ ಬಿಲ್ ಇಲ್ಲದ "ಅಗ್ಗದ" ಬೆಲೆಯೇ ಐದು ಸಾವಿರ ದುಬಾರಿ. ಮೇಲಾಗಿ ಬಿಲ್ ಇಲ್ಲದೆ ವಾರಂಟಿ ಕೇಳಲು ಹೋದರೆ ಕಷ್ಟ. ವ್ಯಾಪಾರಕ್ಕೆ ಅಂತ ಕೊಳ್ಳುವವರು ಈ ಲೆಕ್ಕವನ್ನು ಯಾಕೆ ಹಾಕುವುದಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಉಳಿದದ್ದು ಬ್ರ್ಯಾಂಡೆಡ್ ಮತ್ತು ಸ್ವಂತ ಜೋಡಣೆ. ಇಬ್ಬರೂ ಜಗ್ಗಾಡುತ್ತಿದ್ದರು. ಇಬ್ಬರ ಮಾತೂ ಬೆಲೆ, ವಾರಂಟಿ ಎರಡರ ಸುತ್ತಲೇ ಸುತ್ತುತ್ತಿತ್ತು. ಪ್ಲೇ ಒತ್ತಿದರೆ ನಿಲ್ಲುವ ಆ ಫೈಲಿನ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಪೆನ್‌ಡ್ರೈವಿನಲ್ಲಿ ಒಂದು ಮದುವೆ

ಕೊಳ್ಳುವ ಮುಂಚೆ ತಮ್ಮದೇ ಒಂದು ಧಾರೆ ಎರೆಯುವ ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಬೇರೆಯವರ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ ಅಂದೆ. ಎಡಿಟರ್‌ನ ಗೆಳೆಯನ ಹತ್ತಿರ ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಇರುವ ಗೇಮಿಂಗ್ ಕಂಪ್ಯೂಟರ್ ಇತ್ತು. ಮಾಲೀಕರ ಮಗಳ ಹತ್ತಿರ ಕಾಲೇಜಿಗೆ ಅಂತ ಕೊಡಿಸಿದ ಸಾಮಾನ್ಯ ಲ್ಯಾಪ್‌ಟಾಪ್ ಇತ್ತು, 12ನೇ ತಲೆಮಾರಿನ ಐ5, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎರಡರಲ್ಲೂ ಪ್ರೀಮಿಯರ್ ಪ್ರೊ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿ ಅದೇ ಕ್ಲಿಪ್ ತೆರೆದರು.

ಗೇಮಿಂಗ್ ಕಂಪ್ಯೂಟರ್ ತಡವರಿಸಿತು. ಮಗಳ ಲ್ಯಾಪ್‌ಟಾಪ್ ಸಲೀಸಾಗಿ ಓಡಿಸಿತು.

ಎಡಿಟರ್‌ಗೆ ನಂಬಿಕೆಯೇ ಬರಲಿಲ್ಲ. ಆದರೆ ಇದರಲ್ಲಿ ಪವಾಡ ಏನೂ ಇಲ್ಲ. 4:2:0 ವಿಡಿಯೋದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣದ ಮಾಹಿತಿ ಇರುತ್ತದೆ. 4:2:2ನಲ್ಲಿ ಎರಡಕ್ಕೆ ಒಂದು. ಅಡಕ ಮಾಡಿದ ಈ ವಿಡಿಯೋವನ್ನು ಬಿಡಿಸಲು ಚಿಪ್ಪಿನೊಳಗೆ ಅದಕ್ಕೇ ಅಂತ ಒಂದು ಭಾಗ ಇರಬೇಕು. ಎನ್‌ವಿಡಿಯಾದ 40 ಸರಣಿಯವರೆಗಿನ ಕಾರ್ಡುಗಳು ಎಚ್.265ನ 4:2:0 ಬಿಡಿಸುತ್ತವೆ, 4:2:2 ಬಿಡಿಸುವುದಿಲ್ಲ. ಇಂಟೆಲ್ ಪ್ರೊಸೆಸರುಗಳಲ್ಲಿ 11ನೇ ತಲೆಮಾರಿನಿಂದ ಒಳಗೇ ಕೂತಿರುವ ಸಣ್ಣ ಗ್ರಾಫಿಕ್ಸ್‌ಗೆ ಅದು ಬರುತ್ತದೆ. ಕ್ವಿಕ್ ಸಿಂಕ್ ಅನ್ನುವುದು ಅದನ್ನೇ. ಅದಿಲ್ಲದಿದ್ದರೆ ಇಡೀ ಹೊರೆ ಪ್ರೊಸೆಸರಿನ ಕೋರುಗಳ ಮೇಲೆ ಬೀಳುತ್ತದೆ.

ಈಗ ಬ್ರ್ಯಾಂಡೆಡ್ ಕೊಟೇಷನ್ ಮತ್ತೆ ನೋಡಿ. 14700ಎಫ್. ಇಂಟೆಲ್ ಪ್ರೊಸೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಮಾಲೀಕರು 1,38,000 ಕೊಟ್ಟು ತರಲಿದ್ದ ಕಂಪ್ಯೂಟರಿನಲ್ಲಿ ಅವರಿಗೆ ಬೇಕಾದ ಆ ಒಂದೇ ಭಾಗ ಇರಲಿಲ್ಲ. ಇದು ಕಂಪನಿಯ ಮೋಸ ಅಲ್ಲ. ಅದು ಆಟ ಆಡುವವರಿಗೆ ಅಂತ ಮಾಡಿದ್ದು. ಅವರಿಗೆ ಕಾರ್ಡ್ ಸಾಕು, ಒಳಗಿನ ಗ್ರಾಫಿಕ್ಸ್‌ಗೆ ಯಾಕೆ ದುಡ್ಡು ಕೊಡಬೇಕು? ಯಾರಿಗೋ ಹೊಲಿದ ಅಂಗಿ ಚೆನ್ನಾಗೇ ಇರುತ್ತದೆ, ನಮಗೆ ತೋಳು ಗಿಡ್ಡ ಆಗುತ್ತದೆ ಅಷ್ಟೆ.

ಮಾಲೀಕರು ಆಗ ಒಂದು ಒಳ್ಳೆ ಪ್ರಶ್ನೆ ಕೇಳಿದರು. "ಕ್ಯಾಮೆರಾದಲ್ಲೇ 4:2:0 ಇಟ್ಟುಬಿಟ್ರೆ?" ಹಾಗೆ ಮಾಡಿದರೆ ಖರ್ಚಿಲ್ಲದೆ ಅರ್ಧ ತೊಂದರೆ ಕಳೆಯುತ್ತದೆ. ಕೊನೆಗೆ ಮಂಟಪದ ಮುಖ್ಯ ಕ್ಯಾಮೆರಾದಲ್ಲಿ 4:2:2, ಊಟದ ಹಾಲ್ ಸುತ್ತುವ ಎರಡನೇ ಕ್ಯಾಮೆರಾದಲ್ಲಿ 4:2:0 ಅಂತ ಒಪ್ಪಂದವಾಯಿತು. ಈ ಸಣ್ಣ ತೀರ್ಮಾನದಿಂದ ಹಾರ್ಡ್ ಡಿಸ್ಕಿನ ಜಾಗವೂ ಉಳಿಯಿತು.

ಪಟ್ಟಿ ಬದಲಾಯಿತು

ಎಡಿಟರ್‌ನ 14700ಕೆನಲ್ಲಿ ಒಳಗಿನ ಗ್ರಾಫಿಕ್ಸ್ ಇತ್ತು. ಆದರೆ ಅದೇ ಜುಲೈನಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಕೆಡುತ್ತಿವೆ ಅನ್ನುವ ಸುದ್ದಿ ಜೋರಾಗಿತ್ತು. ಕಂಪನಿಯೂ ಒಪ್ಪಿಕೊಂಡಿತು. ಆಗಸ್ಟಿನಲ್ಲಿ ಅದಕ್ಕೆ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ತಿದ್ದುಪಡಿ ಸಾಫ್ಟ್‌ವೇರ್) ಬಂತು, ಆ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಶ್ರಾವಣ ಎದುರಿಗಿರುವಾಗ ಈ ಗೊಂದಲ ಬೇಡ ಅಂತ ಕೆಳಗಿಳಿದು ಐ5-14500 ಆರಿಸಿದೆವು. 14 ಕೋರ್, 65 ವ್ಯಾಟ್, ಒಳಗೆ ಯುಎಚ್‌ಡಿ 770 ಗ್ರಾಫಿಕ್ಸ್. ನೀರಿನ ಕೂಲರ್ ಬೇಕಾಗಲಿಲ್ಲ. ಅದರಿಂದ ಉಳಿದ ದುಡ್ಡು ರ್‍ಯಾಮ್ ಮತ್ತು ಎಸ್ಎಸ್‌ಡಿಗೆ ಹೋಯಿತು: 16 ಜಿಬಿಯ ಎರಡು ಕಡ್ಡಿ, ವಿಂಡೋಸ್‌ಗೆ 1 ಟಿಬಿ, ನಡೆಯುತ್ತಿರುವ ಕೆಲಸಕ್ಕೆ 2 ಟಿಬಿ. ಬಣ್ಣ ತಿದ್ದಲು, ಎಕ್ಸ್‌ಪೋರ್ಟಿಗೆ ಆರ್‌ಟಿಎಕ್ಸ್ 4060. ಒಳ್ಳೆ ಕಂಪನಿಯ 650 ವ್ಯಾಟ್ ಪವರ್ ಸಪ್ಲೈ. ಅಸಲಿ ವಿಂಡೋಸ್ ಸೇರಿ ಎಲ್ಲಾ ಸುಮಾರು 1,17,000.

ಎಲ್ಲಿ ಜೋಡಿಸುವುದು? ಎಡಿಟರ್‌ಗೆ ಮನೆಯಲ್ಲೇ ಕೂತು ಜೋಡಿಸುವ ಆಸೆ. ಅವನ ಕೈಯಲ್ಲಿ ಆಗುತ್ತಿರಲಿಲ್ಲ ಅಂತಲ್ಲ. ಸ್ಕ್ರೂಡ್ರೈವರ್ ಹಿಡಿಯುವ ಕೆಲಸ ಇದರಲ್ಲಿ ಸುಲಭದ ಭಾಗ. ಎಲ್ಲ ಜೋಡಿಸಿ ಬಟನ್ ಒತ್ತಿದಾಗ ಆನ್ ಆಗದಿದ್ದರೆ ಏನು? ಬೋರ್ಡ್ ಸತ್ತಿದೆಯಾ, ರ್‍ಯಾಮಾ, ಪವರ್ ಸಪ್ಲೈಯಾ? ಅದು ಗೊತ್ತಾಗಬೇಕಾದರೆ ಕೈಯಲ್ಲಿ ಇನ್ನೊಂದು ಬೋರ್ಡ್, ಇನ್ನೊಂದು ರ್‍ಯಾಮ್ ಇರಬೇಕು. ಅಂಗಡಿಯವನ ಹತ್ತಿರ ಅದು ಇರುತ್ತದೆ, ಮನೆಯಲ್ಲಿ ಇರುವುದಿಲ್ಲ. ಆನ್‌ಲೈನಿನಲ್ಲಿ ನಾಲ್ಕು ಮಾರಾಟಗಾರರಿಂದ ತರಿಸಿದ್ದರೆ ಒಬ್ಬೊಬ್ಬರೂ ಇನ್ನೊಬ್ಬರ ಸಾಮಾನಿನ ಕಡೆ ಬೆರಳು ತೋರಿಸುತ್ತಾರೆ.

ಹಾಗಾಗಿ ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡ್. ಟೌನ್ ಹಾಲಿನಿಂದ ನಡೆದು ಹೋಗುವ ದೂರ. ನಮ್ಮ ಪಟ್ಟಿ, ಒಂದೇ ಅಂಗಡಿ, ಒಂದೇ ಬಿಲ್, ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ. ನಮ್ಮಲ್ಲಿ ತುಂಬಾ ಜನ ಮಾಡುವುದು ಇದನ್ನೇ: ಪೂರ್ತಿ ಸ್ವಂತವೂ ಅಲ್ಲ, ಪೂರ್ತಿ ರೆಡಿಮೇಡೂ ಅಲ್ಲ. ಪಟ್ಟಿ ನಮ್ಮದು, ಕೈ ಅವರದ್ದು.

ಅಂಗಡಿಯವರು ಪಟ್ಟಿ ನೋಡಿ ತಕ್ಷಣ ಹೇಳಿದ ಮಾತು: "ಸಾರ್, ಕಾರ್ಡ್ ಇದೆಯಲ್ಲ, ಎಫ್ ತಗೊಳ್ಳಿ. ಸುಮ್ನೆ ಯಾಕೆ ದುಡ್ಡು ದಂಡ?" ಪಾಪ, ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಹತ್ತರಲ್ಲಿ ಒಂಬತ್ತು ಗಿರಾಕಿಗಳಿಗೆ ಅದು ಸರಿಯಾದ ಸಲಹೆಯೂ ಹೌದು. ಪೆನ್‌ಡ್ರೈವ್ ಪರೀಕ್ಷೆ ಮಾಡಿರದಿದ್ದರೆ ಎಡಿಟರ್ ಅಲ್ಲೇ ಹೂಂ ಅಂದುಬಿಡುತ್ತಿದ್ದ. ಈ ಸಲ ಬೇಡ ಅಂದ. ಪ್ರೊಸೆಸರ್ ಡಬ್ಬಿಯಲ್ಲಿರುವುದೇ ಬೇಕು ಅಂತಲೂ ಕೇಳಿದ. ಡಬ್ಬಿ ಇಲ್ಲದೆ ಬಿಡಿಯಾಗಿ ಸಿಗುವ ಟ್ರೇ ಪ್ರೊಸೆಸರ್ ಸ್ವಲ್ಪ ಅಗ್ಗ. ಆದರೆ ಅದರ ವಾರಂಟಿಗೆ ಇಂಟೆಲ್ ಹತ್ತಿರ ಹೋಗಲು ಆಗುವುದಿಲ್ಲ, ಮಾರಿದವರನ್ನೇ ಹಿಡಿಯಬೇಕು. ರ್‍ಯಾಮ್ ಮತ್ತು ಎಸ್ಎಸ್‌ಡಿಯನ್ನು ಅವನೇ ಹಾಕಿದ, ಆಸೆ ಇತ್ತಲ್ಲ. ಪೆನ್‌ಡ್ರೈವಿನಲ್ಲಿದ್ದ ಹೊಸ ವಿಂಡೋಸ್ ಏರಿತು, ಸಂಜೆ ರೈಲು. ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಯಲ್ಲೇ ತಂದರು.

ಸ್ಟುಡಿಯೋಗೆ ಬಂದ ಮೇಲೆ

ಮೊದಲ ರಾತ್ರಿಯೇ ಆಘಾತ. ಅದೇ ಕ್ಲಿಪ್, ಅದೇ ತಡವರಿಕೆ. ಮಾಲೀಕರು ಏನೂ ಹೇಳಲಿಲ್ಲ, ಆದರೆ ಅವರ ಮುಖದಲ್ಲಿ 1,38,000ದ ಕೊಟೇಷನ್ ಕಾಣುತ್ತಿತ್ತು.

ಟಾಸ್ಕ್ ಮ್ಯಾನೇಜರ್ ತೆರೆದರೆ ಒಂದೇ ಗ್ರಾಫಿಕ್ಸ್ ಕಾಣುತ್ತಿತ್ತು, ಎನ್‌ವಿಡಿಯಾದ್ದು. ಎರಡು ಇರಬೇಕಿತ್ತು. ಬೇರೆ ಕಾರ್ಡ್ ಹಾಕಿದ ತಕ್ಷಣ ಎಷ್ಟೋ ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವಾಗೇ ಮಲಗಿಸಿಬಿಡುತ್ತವೆ. ಬಯಾಸ್‌ಗೆ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗಿಗೆ, ಹೋಗಿ ಐಜಿಪಿಯು (ಒಳಗಿನ ಗ್ರಾಫಿಕ್ಸ್) ಮಲ್ಟಿ-ಮಾನಿಟರ್ ಅನ್ನುವುದನ್ನು ಆನ್ ಮಾಡಬೇಕು. ಆಮೇಲೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಬೇಕು. ಪ್ರೀಮಿಯರ್‌ನ ಮೀಡಿಯಾ ಸೆಟ್ಟಿಂಗಿನಲ್ಲಿ ಡಿಕೋಡಿಂಗ್‌ಗೆ ಇಂಟೆಲ್ ಟಿಕ್ ಆಗಿರಬೇಕು. ಮೂರೂ ಆದ ಮೇಲೆ ಧಾರೆಯ ವಿಡಿಯೋ ನೀರಿನ ಹಾಗೆ ಹರಿಯಿತು. ಬಾಕಿ ಉಳಿದಿದ್ದ ವಿಡಿಯೋಗಳೆಲ್ಲ ಗೌರಿ-ಗಣೇಶ ಹಬ್ಬದ ಹೊತ್ತಿಗೆ ಗಿರಾಕಿಗಳ ಕೈ ಸೇರಿದವು.

ಎರಡನೇ ತಕರಾರು ಕರೆಂಟ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. "ಅಸೆಂಬಲ್ಡ್ ಅಂದ್ರೆ ಇದೇ ಹಣೆಬರಹ" ಅಂತ ಪಕ್ಕದ ಅಂಗಡಿಯವರೂ ಸೇರಿ ತೀರ್ಪು ಕೊಟ್ಟರು. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟಾಗ ಕ್ಯಾಬಿನೆಟ್ಟಿಗೂ ನೆಲಕ್ಕೂ ನಡುವೆ ನೂರರ ಮೇಲೆ ವೋಲ್ಟ್ ತೋರಿಸಿತು. ಕಾರಣ ಸರಳ. ಪವರ್ ಸಪ್ಲೈಗಳಲ್ಲಿ ಗದ್ದಲ ಸೋಸಲು ಸಣ್ಣ ಕೆಪಾಸಿಟರುಗಳು ಇರುತ್ತವೆ. ಅವು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿಗೆ ಜೋಡಿಸಿರುತ್ತವೆ. ಅರ್ಥಿಂಗ್ ಸರಿ ಇದ್ದರೆ ಸೋರುವ ಆ ಚೂರು ಕರೆಂಟ್ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು ಅರ್ಧ ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಆ ಹಳೆ ಕಟ್ಟಡದ ಮೂರು ತೂತಿನ ಸಾಕೆಟ್ಟಿನಲ್ಲಿ ಮೇಲಿನ ತೂತಿಗೆ ವೈರೇ ಇರಲಿಲ್ಲ! ಬ್ರ್ಯಾಂಡೆಡ್ ತಂದಿದ್ದರೂ ಹೊಡೆಯುತ್ತಿತ್ತು. ಹಳೆ ಕಂಪ್ಯೂಟರೂ ಹೊಡೆಯುತ್ತಿತ್ತಂತೆ, ಎಲ್ಲರಿಗೂ ಅಭ್ಯಾಸವಾಗಿತ್ತು. ಹಿತ್ತಿಲಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು-ಉಪ್ಪು ತುಂಬಿ ಹೊಸ ಅರ್ಥಿಂಗ್ ಮಾಡಿಸಿದರು. ಈ ಇಡೀ ಪ್ರಕರಣದಲ್ಲಿ ಅತಿ ಉಪಯುಕ್ತ ಖರ್ಚು ಅದೇ ಅಂತ ನನ್ನ ಅಭಿಪ್ರಾಯ.

ಕೆಟ್ಟಾಗ

2025ರ ಫೆಬ್ರವರಿಯಲ್ಲಿ, ಮದುವೆ ಜೋರಾಗಿರುವಾಗ, 2 ಟಿಬಿ ಎಸ್ಎಸ್‌ಡಿ ಇದ್ದಕ್ಕಿದ್ದಂತೆ ಮಾಯವಾಯಿತು. ಐದು ವರ್ಷದ ವಾರಂಟಿ ಇತ್ತು. ಆದರೆ ಅದನ್ನು ಬೆಂಗಳೂರಿನ ಸರ್ವೀಸ್ ಸೆಂಟರಿಗೆ ಮುಟ್ಟಿಸಬೇಕು. ಬದಲಿ ಬರಲು ಮೂರು ವಾರ ಹಿಡಿಯಿತು. ಕೆಲಸ ಪೂರ್ತಿ ನಿಲ್ಲಲಿಲ್ಲ. ಡೆಲಿವರಿ ಆಗುವವರೆಗೆ ಕ್ಯಾಮೆರಾ ಕಾರ್ಡ್ ಅಳಿಸಬಾರದು ಅನ್ನುವುದು ಮಾಲೀಕರ ಹಳೆ ನಿಯಮ. ಫಿಲ್ಮ್ ನೆಗೆಟಿವ್ ಜೋಪಾನ ಮಾಡಿದವರ ಬುದ್ಧಿ. ಕಾರ್ಡಿನಿಂದ ಮತ್ತೆ ಕಾಪಿ ಮಾಡಿಕೊಂಡು 1 ಟಿಬಿಯಲ್ಲೇ ಒತ್ತೊತ್ತಾಗಿ ಕೆಲಸ ಮುಗಿಸಿದರು. ಆದರೂ ಎರಡು ದಿನದ ಎಡಿಟಿಂಗ್ ಹೋಯಿತು.

ಅದೇ ಹೊತ್ತಿಗೆ ಪಕ್ಕದ ಊರಿನ ಇನ್ನೊಂದು ಸ್ಟುಡಿಯೋದ ಬ್ರ್ಯಾಂಡೆಡ್ ಕಂಪ್ಯೂಟರಿನ ಮದರ್‌ಬೋರ್ಡ್ ಕೆಟ್ಟಿತ್ತು. ಅವರು ಫೋನ್ ಮಾಡಿದರು. ನಾಲ್ಕನೇ ದಿನ ಎಂಜಿನಿಯರ್ ಬೋರ್ಡ್ ಸಮೇತ ಬಂದು ಹಾಕಿ ಹೋದರು. ಇವರು ಮೂರು ವಾರ ಕಾದಿದ್ದರು, ಅವರು ನಾಲ್ಕು ದಿನ. ಮಾಲೀಕರ ಮೊದಲ ವಾದದಲ್ಲಿ ಹುರುಳಿತ್ತು ಅನ್ನುವುದನ್ನು ಎಡಿಟರ್ ಕೂಡ ಒಪ್ಪಿದ. ಆ ಸ್ಟುಡಿಯೋದವರು ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಲು ಹೋದಾಗ ಬೇರೆಯೇ ಕಥೆ. ಪವರ್ ಸಪ್ಲೈ ಆ ಕಂಪನಿಯದ್ದೇ ಅಳತೆಯದು, ಬೋರ್ಡಿನ ಕನೆಕ್ಟರ್ ಕೂಡ. ಮಾರುಕಟ್ಟೆಯ ಪವರ್ ಸಪ್ಲೈ ಅದರಲ್ಲಿ ಕೂರಲಿಲ್ಲ.

ಆಮೇಲೆ 2025ರ ಮಧ್ಯದಲ್ಲಿ ಎಡಿಟರ್ ಬೆಂಗಳೂರಿಗೆ ಕೆಲಸಕ್ಕೆ ಹೋದ. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ದೊಡ್ಡ ತಿರುವು ಇದು. ಹೊಸ ಹುಡುಗ ಬಂದು ಬಯಾಸ್ ಅಪ್‌ಡೇಟ್ ಮಾಡಿದ. ಸೆಟ್ಟಿಂಗ್ ಎಲ್ಲಾ ಮೊದಲಿನ ಹಾಗಾಯಿತು, ಒಳಗಿನ ಗ್ರಾಫಿಕ್ಸ್ ಮತ್ತೆ ಮಲಗಿತು, ವಿಡಿಯೋ ಮತ್ತೆ ತಡವರಿಸಿತು. ಯಾಕೆ ಅಂತ ಸ್ಟುಡಿಯೋದಲ್ಲಿ ಯಾರಿಗೂ ಗೊತ್ತಿಲ್ಲ. ಕಂಪ್ಯೂಟರ್ ಕೆಟ್ಟಿರಲಿಲ್ಲ, ಅದನ್ನು ಬಲ್ಲವನು ಊರಲ್ಲಿ ಇರಲಿಲ್ಲ. ಹಳೆ ಎಡಿಟರ್‌ಗೆ ಫೋನ್ ಮಾಡಿ ಸರಿ ಮಾಡಿಕೊಂಡರು.

ಬ್ರ್ಯಾಂಡೆಡ್ ಯಂತ್ರಕ್ಕೆ ನಾವು ಜಾಸ್ತಿ ಕೊಡುವ ದುಡ್ಡಿನ ಒಂದು ಪಾಲು ಇದಕ್ಕೇ. ಒಳಗೆ ಏನಿದೆ ಅನ್ನುವ ನೆನಪನ್ನು ಕಂಪನಿ ಇಟ್ಟುಕೊಂಡಿರುತ್ತದೆ. ಹಿಂದಿನ ಸ್ಟಿಕ್ಕರಿನ ನಂಬರ್ ಹೇಳಿದರೆ ಸಾಕು. ಜೋಡಿಸಿದ ಯಂತ್ರದಲ್ಲಿ ಕಂಪನಿಯ ಕೆಲಸ ಮನೆಯವರಲ್ಲಿ ಯಾರೋ ಒಬ್ಬರ ತಲೆಗೆ ಬರುತ್ತದೆ. ಆ ಒಬ್ಬರು ಯಾರು, ಅವರು ಹೋದರೆ ಮುಂದೆ ಯಾರು ಅನ್ನುವುದನ್ನು ಪಟ್ಟಿ ಬರೆಯುವಾಗಲೇ ಕೇಳಬೇಕು. ಇಲ್ಲಿ ಆ ಪ್ರಶ್ನೆ ಒಂದು ವರ್ಷ ತಡವಾಗಿ ಬಂತು. ಈಗ ಬಿಲ್, ಸೀರಿಯಲ್ ನಂಬರ್, ಬಯಾಸ್‌ನಲ್ಲಿ ಏನೇನು ಬದಲಿಸಿದೆ ಅನ್ನುವ ಕನ್ನಡದ ಒಂದು ಹಾಳೆ ಎಲ್ಲಾ ಒಂದು ಫೈಲಿನಲ್ಲಿ ಇದೆ.

ಇದೇ ಪಟ್ಟಿಯನ್ನು ಇವತ್ತು ಕಣ್ಣು ಮುಚ್ಚಿ ನಕಲು ಮಾಡಬೇಡಿ. 2025ರ ಶುರುವಿನಲ್ಲಿ ಬಂದ ಎನ್‌ವಿಡಿಯಾದ 50 ಸರಣಿಯ ಕಾರ್ಡುಗಳು 4:2:2 ಬಿಡಿಸುತ್ತವೆ. ಹಾಗಾಗಿ ಎಫ್ ಪ್ರೊಸೆಸರ್ ಈಗ ಅಷ್ಟು ದೊಡ್ಡ ಅಡ್ಡಿಯಲ್ಲ. 2025ರ ಕೊನೆಗೆ ಎಐ ಸರ್ವರುಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಏರಿದ ಮೇಲೆ ಬಿಡಿ ಸಾಮಾನಿನ ಲೆಕ್ಕವೂ ತಲೆಕೆಳಗಾಯಿತು. ಹಳೆ ಸ್ಟಾಕ್ ಇದ್ದ ರೆಡಿಮೇಡ್ ಯಂತ್ರ ಕೆಲವು ಕಡೆ ಜೋಡಿಸಿದ್ದಕ್ಕಿಂತ ಅಗ್ಗಕ್ಕೆ ಸಿಗತೊಡಗಿತು. 2021ರಲ್ಲಿ ಗ್ರಾಫಿಕ್ಸ್ ಕಾರ್ಡ್ ಬರ ಬಂದಾಗಲೂ ಹೀಗೇ ಆಗಿತ್ತು, ಅಲ್ವಾ?

ಮೊನ್ನೆ ಆಲ್ಬಂ ಡಿಸೈನಿಗೆ ಮತ್ತು ಬಿಲ್ ಬರೆಯಲು ಅಂತ ಮಾಲೀಕರು ಎರಡನೇ ಕಂಪ್ಯೂಟರ್ ತಂದರು. ಬ್ರ್ಯಾಂಡೆಡ್, ಸಣ್ಣದು, ಮೂರು ವರ್ಷ ಸ್ಥಳದಲ್ಲೇ ಸರ್ವೀಸ್. ಆ ಕೆಲಸಕ್ಕೆ ವಿಶೇಷ ಭಾಗ ಯಾವುದೂ ಬೇಕಿಲ್ಲ, ಒಳಗೆ ಏನಿದೆ ಅಂತ ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ನನ್ನನ್ನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.